ಎರಡು ಅಕ್ಷರ

ಮೊಯ್ನಾಕಿನ ಮೀನುಡಬ್ಬಿ ಕಾರ್ಖಾನೆಯಲ್ಲಿ ನಾನು ಬೆರಳಚ್ಚುಗಾತಿ.
ಕಡಲು ಹಿಂದೆ ಸರಿದು ಏಳೆಂಟು ವರ್ಷ;
ಬಂದರಿನ ಹಡಗುಗಳ ನೆರಳಲ್ಲಿ ಈಗ ಹಸು ಮಲಗುತ್ತವೆ.
ಎಲ್ಲಿಂದಲೋ, ಬಾಲ್ಟಿಕ್‌ನಿಂದಂತೆ, ಹಿಮಗಟ್ಟಿದ ಮೀನು
ರೈಲಿನಲ್ಲಿ ಬರುತ್ತದೆ, ನಮ್ಮ ಡಬ್ಬಿ ತುಂಬಲು.

ಲೆಕ್ಕಪತ್ರದ ಜೊಲ್ಮುರ್ಜಾ ಆಗಾ
ಒಂದು ಸಂಜೆ ಮೇಜಿನ ಮೇಲಿಟ್ಟ
ಹಳೆಯ ಸರಕುಪಟ್ಟಿಗಳ ಬೆನ್ನಮೇಲೆ ಪೆನ್ಸಿಲಿನಲ್ಲಿ ಬರೆದ
ಆರುನೂರು ಹಾಳೆ.
"ಕಾದಂಬರಿ," ಅಂದ, ಕಳ್ಳಮಾಲು ಇಳಿಸಿದವನ ಹಾಗೆ.
"ಶರಾಪತ್, ಹಗಲು ಬೇಡ. ದೊಡ್ಡವರು ಹೋದ ಮೇಲೆ ಟೈಪು ಮಾಡು."

ಅವನ ಪುಸ್ತಕದಲ್ಲಿ ದೇವರಿಗೆ ಮುಖವಿಲ್ಲ,
ಒಬ್ಬ ಗುಮಾಸ್ತನಿದ್ದಾನೆ.
ಹುಟ್ಟುವ ಪ್ರತಿ ಕೂಸಿನ ಹಣೆಗೆ,
ನಮ್ಮ ಡಬ್ಬಿಯ ಮುಚ್ಚಳಕ್ಕೆ ಒತ್ತುವಂತೆಯೇ, ಅಂಕಿ ಒತ್ತುತ್ತಾನೆ:
ತುಂಬಿದ ದಿನ, ಕೆಡುವ ದಿನ, ಪಾಳಿಯ ಸಂಖ್ಯೆ.
ಒಳಗೆ ಏನಿದೆ ಎಂದು ಮಾತ್ರ ಬರೆಯುವುದಿಲ್ಲ.
ಅವನಿಗೂ ಗೊತ್ತಿಲ್ಲ.

ಇನ್ನೂರು ವರ್ಷದಾಚೆಯ ಕತೆ.
ಭೂಮಿಯ ಕಡಲುಗಳೆಲ್ಲ ಒಂದೊಂದಾಗಿ ಎದ್ದು ನಡೆದುಹೋಗಿವೆ,
ಮುನಿಸಿಕೊಂಡ ಹೆಂಗಸರಂತೆ, ಬಾಗಿಲು ಕೂಡ ಎಳೆದುಕೊಳ್ಳದೆ.
ಉಳಿದ ಜನ ಉಪ್ಪಿನ ಮೇಲೆ ಕೂತು
ಯಾರು ಯಾರನ್ನು ಬಿಟ್ಟರು ಎಂದು ವಾದ ಮಾಡುತ್ತಾರೆ.
ಸತ್ತವರು ರಾತ್ರಿ ಬಂದು ಬಾಯಾರಿಕೆ ಎನ್ನುತ್ತಾರೆ.
ಕೊನೆಗೆ ಎಸೆನ್ ಎಂಬ ಹುಡುಗ
(ಆ ಹೆಸರಿಗೆ ನಮ್ಮಲ್ಲಿ ಕ್ಷೇಮ ಎಂದರ್ಥ)
ಅಂಚು ಒಡೆದ ಒಂದು ಪಿಯಾಲೆ ಹಿಡಿದು
ಕಡಲನ್ನು ಹುಡುಕಿ ಹೊರಡುತ್ತಾನೆ.

ನಾನು ಟೈಪು ಮಾಡಿದೆ. ರಾತ್ರಿಗೆ ಹತ್ತು ಹಾಳೆ, ಹನ್ನೆರಡು ಹಾಳೆ.
ಗಾಳಿ ಎದ್ದ ದಿನ ಕೀಲಿಗಳ ನಡುವೆ ಉಪ್ಪಿನ ಹುಡಿ;
ಊದಿ, ಒರೆಸಿ, ಮತ್ತೆ ಕೂರುವುದು.
ದೇವರು ದಿಂಡರು ನನಗೆ ಗೊತ್ತಿಲ್ಲ.
ಅಜ್ಜಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟುತ್ತಿದ್ದುದಷ್ಟೇ ನೆನಪು.
ಆದರೆ ಆ ಗುಮಾಸ್ತ ನನಗೆ ಅಂಟಿಕೊಂಡ.
ಬಸ್ಸಿನಲ್ಲಿ ಎದುರು ಕೂತವರ ಹಣೆ ನೋಡತೊಡಗಿದೆ.

ಹತ್ತೊಂಬತ್ತನೆಯ ಅಧ್ಯಾಯದ ಕೊನೆ:
ತಾಯಿ ಹೊಸ್ತಿಲಲ್ಲಿ ದೀಪ ಇಟ್ಟಳು. ಎಸೆನ್ ಬರಲಿಲ್ಲ.
ನಮ್ಮ ನುಡಿಯಲ್ಲಿ ಕೆಲ್ದಿ ಎಂದರೆ ಬಂದ,
ಕೆಲ್ಮೆದಿ ಎಂದರೆ ಬರಲಿಲ್ಲ.
ನಡುವೆ ಇರುವುದು ಎರಡೇ ಅಕ್ಷರ.
ಬೆರಳು ಜಾರಿತೋ, ನಾನೇ ಜಾರಲು ಬಿಟ್ಟೆನೋ.

ನನ್ನ ತಮ್ಮ ಕುವಾತ್
ಸೈನ್ಯದ ಲಾರಿ ಹತ್ತಿ ಅಮು ದಾಟಿ ತೆಂಕಲಿಗೆ ಹೋದವನು.
ನಾಲ್ಕು ಕಾಗದ ಬರೆದ. ಐದನೆಯದು ಬರಬೇಕು.

ಆಗಾ ಹಾಳೆ ತಿರುವುತ್ತ ಆ ಸಾಲಿಗೆ ಬಂದ.
ಕೆಂಪು ಪೆನ್ಸಿಲು ಗಾಳಿಯಲ್ಲಿ ನಿಂತಿತು.
ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ.
"ಹಾಗಾದರೆ ಮುಂದಿನ ಇನ್ನೂರು ಹಾಳೆ ಸುಳ್ಳು," ಅಂದ.
ತಿದ್ದಲಿಲ್ಲ. ಬೈಯಲಿಲ್ಲ.
ಉಳಿದ ಕಟ್ಟನ್ನು ಕಂಕುಳಲ್ಲಿಟ್ಟು ಮನೆಗೆ ಹೋದ.

ಚಳಿಗಾಲವಿಡೀ ಅವನ ಕಿಟಕಿಯಲ್ಲಿ ದೀಪ.
ಮಂಜು ಕರಗುವ ಹೊತ್ತಿಗೆ ತಂದ ಹೊಸ ಅಧ್ಯಾಯದಲ್ಲಿ
ಎಸೆನ್ ಬರುತ್ತಾನೆ. ಪಿಯಾಲೆಯಲ್ಲಿ ಎರಡು ಗುಟುಕು ಕಡಲು.
ಯಾರಿಗೂ ಅದರ ಗುರುತಿಲ್ಲ.
ಕೆಲವರು ಕಣ್ಣೀರು ಎನ್ನುತ್ತಾರೆ, ಕೆಲವರು ಔಷಧಿ;
ಮುದುಕಿಯೊಬ್ಬಳು ಬೆರಳದ್ದಿ ನೆಕ್ಕಿ
ಈವರೆಗೆ ಬಾಯಿಬಿಟ್ಟು ಹೇಳದ ಗಂಡನ ಹೆಸರನ್ನು
ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ.
ಮೇಲೆ, ಮುದ್ರೆ ಎತ್ತಿದ ಗುಮಾಸ್ತ
ಮುಂದಿನ ಕೂಸಿನ ಹಣೆ ನೋಡುತ್ತ
ಸ್ವಲ್ಪ ಹೊತ್ತು, ಬರೀ ಸ್ವಲ್ಪ ಹೊತ್ತು, ತಡೆಯುತ್ತಾನೆ.

ಅಚ್ಚಿಗೆ ಯಾರೂ ಒಪ್ಪಲಿಲ್ಲ, ಅದು ಬೇರೆ ಮಾತು.
ಒಂದು ಪ್ರತಿ ಅವನಲ್ಲಿ,
ಕಾರ್ಬನ್ ಪ್ರತಿ ನನ್ನ ಹಿಟ್ಟಿನ ಡಬ್ಬದಲ್ಲಿ.
ಅಂಚೆಯ ಸೈಕಲ್ಲು ಇವತ್ತೂ ಬೀದಿ ಕೊನೆಯಲ್ಲೇ ತಿರುಗಿಕೊಂಡಿತು.
ರೊಟ್ಟಿಗೆ ಹಿಟ್ಟು ತೆಗೆಯುವಾಗ
ಕೈಗೆ ನೀಲಿ ಹತ್ತುತ್ತದೆ.
ತೊಳೆಯದೆ ನಾದುತ್ತೇನೆ.